ಮುಂಗುಸಿಯ ಒಸಡು, ದುಂಬಿಯ ಬ್ರಷ್ಷು

ಮಕ್ಕಳೇ, ಒಂದು ಕುರುಚಲು ಕಾಡಿನ ಅಂಚಿಗೆ ಒಂದು ಹೊಂಡ. ಹೊಂಡದ ದಂಡೆಯ ಹಳೆಯ ಹುತ್ತದಲ್ಲಿ ಕೆಂಚ ಎಂಬ ಮುಂಗುಸಿ ಇದ್ದ. ಇದ್ದ ಅಂದರೆ ಹೆಸರಿಗೆ ಇದ್ದ, ಅಷ್ಟೆ. ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು.

ಆದರೂ ಅವನನ್ನೇ ನಂಬಿ ಪಕ್ಕದ ಪೊದೆಯಲ್ಲಿ ಕೌಜುಗಮ್ಮ ಮೊಟ್ಟೆ ಇಟ್ಟಿದ್ದಳು. ಹೊಂಡದ ಆಚೆ ಒಂದು ನಾಗರಹಾವಿತ್ತು. ಮುಂಗುಸಿಯ ಹಲ್ಲು ಗಟ್ಟಿ ಇರುವತನಕ ಅದು ಇತ್ತ ತಲೆಹಾಕುವುದಿಲ್ಲ ಎಂಬುದು ಆ ಹಕ್ಕಿಯ ಧೈರ್ಯ.

ಒಂದು ಬೆಳಿಗ್ಗೆ ಕೆಂಚ ನೀರು ಕುಡಿಯಲು ಬಾಯಿ ಇಟ್ಟ. ನೀರು ಕೆಂಪಾಯಿತು! ನಾಲಿಗೆಯಿಂದ ಮುಟ್ಟಿ ನೋಡಿದ. ಒಸಡು ಊದಿತ್ತು, ಕೋರೆಹಲ್ಲು ಸಣ್ಣಗೆ ಅಲ್ಲಾಡಿತು. ಹಲ್ಲೇ ಹೋದರೆ ಮುಂಗುಸಿಗೆ ಇನ್ನೇನು ಉಳಿಯಿತು?

ಬಂಡೆಯ ಬಳಿ ಮುಳ್ಳುಹಂದಿ ಅಜ್ಜ, ಅಜ್ಜಿ ಹಲ್ಲುಜ್ಜುತ್ತ ಕೂತಿದ್ದರು. ಆ ವಯಸ್ಸಿನಲ್ಲೂ ಇಬ್ಬರಿಗೂ ಬಾಯಿ ತುಂಬ ಹಲ್ಲು! ಅಜ್ಜಿಯ ಕೈಯಲ್ಲಿ ತುದಿ ಜಗಿದು ಮೆತ್ತಗೆ ಮಾಡಿದ ಬೇವಿನ ಕಡ್ಡಿ. ಅಜ್ಜನ ಕೈಯಲ್ಲಿ ಒಂದು ಬಿದಿರಿನ ತುಂಡು, ಅದರ ತುದಿಗೆ ಲಾವಂಚದ ಬೇರಿನ ಕುಚ್ಚು. ಬಿದಿರಿನೊಳಗೆ ಒಂದು ದುಂಬಿ ಬಿಡಾರ ಹೂಡಿತ್ತು. ಅದು ಗುಂಯ್ ಎಂದರೆ ಕುಚ್ಚು ತಾನಾಗಿಯೇ ನಡುಗುತ್ತಿತ್ತು.

"ಅಜ್ಜಿ, ಒಸಡಿಗೆ ಯಾವುದು ಒಳ್ಳೇದು? ಬೇಗ ಹೇಳಿ, ನನಗೆ ಪುರುಸೊತ್ತಿಲ್ಲ," ಎಂದ ಕೆಂಚ, ನಿಂತಲ್ಲೇ ಕುಣಿಯುತ್ತ.

"ನನ್ನ ಕಡ್ಡಿಯೇ ಕಣೋ. ಒಸಡಿನ ಅಂಚಿನಲ್ಲಿ ಮೆಲ್ಲಗೆ ಆಡಿಸಬೇಕು," ಎಂದಳು ಅಜ್ಜಿ.

"ಇವಳದ್ದು ಒಂದು ಹಟ," ಅಂದ ಅಜ್ಜ. "ನನ್ನ ಬೆರಳು ಮರಗಟ್ಟಿವೆ, ಕಡ್ಡಿ ಆಡಿಸೋಕೆ ಆಗೋದಿಲ್ಲ. ದುಂಬಿ ತಾನೇ ನಡುಗುತ್ತೆ. ನಾನು ಒಂದೊಂದೇ ಹಲ್ಲಿಗೆ ತಾಗಿಸಿ ಹಿಡಿದರೆ ಸಾಕು, ಸಂದಿಯ ಕೊಳೆಯೂ ಹೋಗುತ್ತೆ."

ಅಜ್ಜಿ ಒಂದು ಹೊಸ ಕಡ್ಡಿ ಕೊಟ್ಟಳು. ಕೆಂಚ ಗರಗಸ ಎಳೆದಂತೆ ಗರಗರ ಉಜ್ಜಿ, "ಥೂ, ಕಹಿ! ಇದು ಮುಗಿಯೋದು ಯಾವಾಗ? ಅಜ್ಜ, ದುಂಬಿಯದು ಬೇಗ ಆಗುತ್ತಲ್ವಾ?" ಎಂದು ಎಸೆದ.

"ಬೇಗ ಅಂತ ನಾನು ಹೇಳಿದೆನಾ?" ಅಜ್ಜ ಗದರಿದ. "ತಗೋ, ಆದರೆ ನನ್ನ ಎಂಜಲು ಬೇಡ, ಹೊಸ ಕುಚ್ಚು ಕಟ್ಟಿಕೋ."

ಕೆಂಚ ಹೊಸ ಕುಚ್ಚು ಕಟ್ಟಿದ್ದೇ ತಡ, ಬಿದಿರನ್ನು ಬಾಯಿಗಿಟ್ಟುಕೊಂಡು ಹೊಂಡದ ಸುತ್ತ ಓಡತೊಡಗಿದ. ಓಡುತ್ತಲೇ ಬಲವಾಗಿ ಒತ್ತಿ, ಹಿಂದಕ್ಕೂ ಮುಂದಕ್ಕೂ ತಿಕ್ಕಿದ.

"ಒತ್ತಬೇಡ ಮಾರಾಯ!" ದುಂಬಿ ಕೂಗಿತು. "ನಡುಗೋದು ನನ್ನ ಕೆಲಸ. ಹಗುರವಾಗಿ ಹಿಡಿಯೋದು ನಿನ್ನ ಕೆಲಸ."

"ಒತ್ತಿದರೆ ಬೇಗ ಮುಗಿಯುತ್ತೆ, ಸುಮ್ಮನಿರು!"

ಮುಗಿಯಿತು, ಒಸಡು ಹರಿದೇ ಹೋಯಿತು. ದುಂಬಿ ಸಿಟ್ಟಾಗಿ ಹಾರಿಹೋಯಿತು. ಮಧ್ಯಾಹ್ನದ ಹೊತ್ತಿಗೆ ಕೆಂಚನ ಬಾಯಿ ಊದಿ, ಕಚ್ಚುವುದಿರಲಿ, ಮುಚ್ಚುವುದೂ ಕಷ್ಟವಾಯಿತು.

ಆಚೆ ದಡದಿಂದ ಹಾವು ಇದನ್ನೆಲ್ಲ ನೋಡುತ್ತಲೇ ಇತ್ತು. ಬಿಸಿಲು ಇಳಿಯುವ ಮೊದಲೇ ಪೊದೆಗೆ ಬಂತು. ಕೌಜುಗಮ್ಮ ಕಿರುಚಿಕೊಂಡಳು. ಕೆಂಚ ಹಾರಿ ಹಾವಿನ ಕತ್ತಿಗೆ ಬಾಯಿ ಹಾಕಿದ. ಆದರೆ ನೋವಿಗೆ ಕಣ್ಣು ಕತ್ತಲೆ ಬಂದು, ಹಿಡಿತ ತಾನಾಗಿಯೇ ಬಿಟ್ಟುಹೋಯಿತು. ಹಾವು ಅವನ ಕಣ್ಣೆದುರೇ ಒಂದು ಮೊಟ್ಟೆ ನುಂಗಿತು. ಮುಳ್ಳುಹಂದಿಗಳು ಮುಳ್ಳು ಝಳಪಿಸುತ್ತ ಬಾರದಿದ್ದರೆ ಉಳಿದವನ್ನೂ ನುಂಗುತ್ತಿತ್ತು.

"ಆ ದುಂಬಿಯ ಬ್ರಷ್ಷೇ ಸರಿ ಇಲ್ಲ!" ಎಂದ ಕೆಂಚ, ತೊದಲುತ್ತ.

"ಬೆಳಿಗ್ಗೆ ಕಡ್ಡಿ ಸರಿ ಇರಲಿಲ್ಲ, ಈಗ ದುಂಬಿ ಸರಿ ಇಲ್ಲ," ಎಂದಳು ಅಜ್ಜಿ. "ಎರಡನ್ನೂ ಹಿಡಿದ ಕೈ ಯಾರದ್ದಪ್ಪ?"

ಕೆಂಚ ತನ್ನ ಕೈಯನ್ನೇ ನೋಡಿಕೊಂಡ. ನಾಚಿಕೆಯಿಂದ ತಲೆ ತಗ್ಗಿಸಿದ.

ಅಂದಿನಿಂದ ಅವನು ದಿನವೂ ಒಂದು ಕಡೆ ಕೂತು ಬೇವಿನ ಕಡ್ಡಿಯಿಂದ ಮೆಲ್ಲಗೆ ಹಲ್ಲುಜ್ಜಿದ. ಕಾಲು ಚಡಪಡಿಸಿದರೂ ಏಳಲಿಲ್ಲ. ಬರುಬರುತ್ತ ಒಸಡಿನ ಗಾಯ ಮಾಯಿತು, ಹಲ್ಲು ಗಟ್ಟಿಯಾಯಿತು, ಹಾವು ಮತ್ತೆ ಇತ್ತ ಸುಳಿಯಲಿಲ್ಲ. ಆದರೆ ಕೆಂಚ ಎಷ್ಟು ಎಚ್ಚರದಿಂದ ಕಾವಲು ಕೂತರೂ, ಕೌಜುಗಮ್ಮ ಮಾತ್ರ ನಿಶ್ಚಿಂತೆಯಿಂದ ಕಣ್ಣು ಮುಚ್ಚಲಿಲ್ಲ.

ನೀತಿ: ಕೈಯಿಂದ ಉಜ್ಜುವ ಬ್ರಷ್ಷಿರಲಿ, ತಾನೇ ನಡುಗುವ ಬ್ರಷ್ಷಿರಲಿ, ಒಸಡನ್ನು ಕಾಯುವುದು ಹಿಡಿದವರ ತಾಳ್ಮೆಯೇ.