ತೂಬಿನ ಬಳಿ ನಿಲ್ಲುವವನು

“ಬುದ್ಧೀ, ತಪ್ಪು ಒಪ್ಪಿಕೊಂಡವನನ್ನು ಶಿವನೇ ಕ್ಷಮಿಸುತ್ತಾನೆ. ದೊರೆ ಯಾಕೆ ಕ್ಷಮಿಸಬಾರದು?”

ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಪಂಚಾಕ್ಷರಿ. ಅವನ ಅಣ್ಣ ಸುಂಕದ ಅಧಿಕಾರಿಯಾಗಿದ್ದಾಗ ಲಂಚ ತಿಂದು ಸೆರೆಮನೆ ಸೇರಿದ್ದ. ಶಿಕ್ಷೆ ಮುಗಿಸಿ ಬಂದವನಿಗೆ ಮತ್ತೆ ಅದೇ ಅಧಿಕಾರ ಬೇಕಾಗಿತ್ತು. ಲಂಚ ತಿಂದವರಿಗೆ ಅಧಿಕಾರ ಮರಳಿ ಕೊಡಬಾರದೆಂಬುದು ದೊರೆಯ ಕಟ್ಟಳೆ. ಆದರೆ ಗುರುಗಳು ಹೇಳಿದರೆ ದೊರೆ ಮೀರುವವನಲ್ಲ. ಹೇಳಿಸಿಯೇ ಬರುತ್ತೇನೆಂದು ಪಂಚಾಕ್ಷರಿ ಅತ್ತಿಗೆಗೆ ಮಾತು ಕೊಟ್ಟಿದ್ದ.

“ಶಿವನ ಕರುಣೆಗೆ ಎಲ್ಲೆಯಿಲ್ಲ, ನಿಜ” ಎಂದು ಗುರುಗಳು ಕತೆ ಹೇಳತೊಡಗಿದರು.

ಒಂದು ಊರಿನ ಕೆರೆಗೆ ಒಬ್ಬ ನೀರುಗಂಟಿಯಿದ್ದ. ತೂಬು ಎತ್ತಿ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವುದು ಅವನ ಕೆಲಸ. ಒಂದು ವರ್ಷ ಅವನು ಸಾಹುಕಾರ ಕೊಟ್ಟ ಭತ್ತದ ಆಸೆಗೆ ಬಿದ್ದು ಸರದಿ ತಪ್ಪಿಸಿದ. ಬಯಲಿನ ಕೊನೆಯಲ್ಲಿದ್ದ ರೈತನ ಪೈರು ಹಾಲುಗಟ್ಟುವ ಹೊತ್ತಿಗೆ ಒಣಗಿತು. ಊರವರು ನೀರುಗಂಟಿಯನ್ನು ಕೆಲಸದಿಂದ ಬಿಡಿಸಿದರು. ಅವನು ದಂಡ ತೆತ್ತ, ಅತ್ತ, ನಿಜವಾಗಿಯೂ ತಿದ್ದಿಕೊಂಡ.

ಎಷ್ಟೋ ವರ್ಷಗಳ ಮೇಲೆ ತೂಬಿನ ಕೆಲಸ ಖಾಲಿಯಾಯಿತು. “ಹಳಬನನ್ನೇ ಕರೆಯೋಣ, ಅವನಷ್ಟು ಬಲ್ಲವರಿಲ್ಲ” ಎಂದರು ಹಿರಿಯರು. ಬೇಡ ಎಂದವನು ಕೊನೆಯ ಗದ್ದೆಯ ರೈತನೊಬ್ಬನೇ.

“ಮೊನ್ನೆ ನಿನ್ನ ಮಗಳ ಮದುವೆಗೆ ನನ್ನ ಕೈಲೇ ಚಪ್ಪರ ಹಾಕಿಸಿಕೊಂಡೆಯಲ್ಲೋ ತಮ್ಮಾ. ಹೊಟ್ಟೆಯಲ್ಲಿ ಇನ್ನೂ ಸಿಟ್ಟು ಇಟ್ಟುಕೊಂಡಿದ್ದೀಯಾ?” ಎಂದ ನೀರುಗಂಟಿ.

“ಸಿಟ್ಟು ಎಲ್ಲಿಯದಣ್ಣ? ಈಗಲೇ ಮನೆಗೆ ಬಾ, ಜೊತೆಗೆ ಕೂತು ಮುದ್ದೆ ಮುರಿಯೋಣ. ಆದರೆ ತೂಬಿನ ಹತ್ತಿರ ನೀನು ನಿಂತರೆ, ಮಳೆರಾಯ ಕೈಕೊಟ್ಟು ನನ್ನ ಗದ್ದೆ ಒಣಗಿದರೂ ನೀನೇ ಒಣಗಿಸಿದೆ ಅಂತ ಅನ್ನಿಸುತ್ತೆ. ನಿನ್ನ ಪಾಪ ನೀನು ತೊಳೆದುಕೊಂಡೆ. ನನ್ನ ತಲೆಗೆ ಯಾಕೆ ಅನುಮಾನದ ಹೊಸ ಪಾಪ ಕಟ್ಟುತ್ತೀಯ?”

ನೀರುಗಂಟಿ ಹೊಸಬನೊಬ್ಬನನ್ನು ಕರೆದೊಯ್ದು ತೂಬು ಎತ್ತುವ ಬಗೆ ಹೇಳಿಕೊಟ್ಟ. ಅಲ್ಲಿಂದ ನೆಟ್ಟಗೆ ರೈತನ ಮನೆಗೆ ಹೋಗಿ ಉಂಡ.

ಗುರುಗಳು ನಿಲ್ಲಿಸಿದರು. ಪಂಚಾಕ್ಷರಿಗೆ ಅತ್ತಿಗೆಯ ಮುಖ ಕಣ್ಮುಂದೆ ಬಂತು.

“ನನ್ನ ಅಣ್ಣನೂ ತಿದ್ದಿಕೊಂಡಿದ್ದಾನೆ, ಬುದ್ಧೀ. ತಾವು ದೊರೆಗೆ ಒಂದು ಮಾತು...”

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ಸುಂಕದ ಕಟ್ಟೆಯಲ್ಲಿ ಅವನ ಮುಂದೆ ಕೈಕಟ್ಟಿ ನಿಂತಿದ್ದವರನ್ನು ಕೇಳಿ ಬಾ, ಮಗು, ಅವರು ಹೂಂ ಅಂದರೆ ನಾನೇ ದೊರೆಯ ಬಳಿಗೆ ನಡೆದು ಹೋಗುತ್ತೇನೆ.”