ಮಡಕೆಗೆ ಸಿಕ್ಕ ಮರ್ಯಾದೆ

ಬಿರುಕಿಲ್ಲದ ಮಡಕೆಯನ್ನು ಯಾರೂ ಒಡೆಯುವುದಿಲ್ಲ ಎಂದು ಕುಂಬಾರ ತಿಪ್ಪಣ್ಣನ ಅಂಗಳದ ಮಡಕೆಗಳೆಲ್ಲ ನಂಬಿದ್ದವು. ತಿಪ್ಪಣ್ಣ ಒಂದೊಂದನ್ನೂ ಬೆರಳಿನಿಂದ ಬಡಿದು ನೋಡುತ್ತಿದ್ದ. ಠಣ್ ಎಂದದ್ದು ಮಾರಾಟದ ಸಾಲಿಗೆ ಹೋಗುತ್ತಿತ್ತು, ಒಡಕು ದನಿಯದ್ದು ಗೋಡೆಗೆ ಬಡಿದು ಚೂರಾಗುತ್ತಿತ್ತು. ಎರಡನ್ನೂ ಮಡಕೆಗಳು ಮರ್ಯಾದೆ ಎಂದೇ ಕರೆಯುತ್ತಿದ್ದವು. ಎರಡನೆಯದನ್ನು ಕರೆಯುವಾಗ ಮಾತ್ರ ನಗುತ್ತಿದ್ದವು.

ಒಂದು ಮಧ್ಯಾಹ್ನ ಒದ್ದೆ ಪಂಚೆಯ ಮನುಷ್ಯನೊಬ್ಬ ಬಂದ. ಅವನು ಬೆಲೆ ಕೇಳಲಿಲ್ಲ, ತಿಪ್ಪಣ್ಣನೂ ಹೇಳಲಿಲ್ಲ.

"ಹೊಸದಿರಲಿ. ಬಿರುಕಿರಬಾರದು," ಎಂದ ಆ ಮನುಷ್ಯ.

ತಿಪ್ಪಣ್ಣ ಸಾಲಿನಲ್ಲಿದ್ದ ದುಂಡನೆಯ ಮಡಕೆಯೊಂದನ್ನು ತೋರಿಸಿದ. "ನೀವೇ ಬಡಿದು ನೋಡಿ."

ಕೋಳಿಗಳಿಗೆ ನೀರಿಡಲು ಉಳಿಸಿಕೊಂಡಿದ್ದ ಒಡಕು ಮಡಕೆ ಮೂಲೆಯಿಂದ ಹೇಳಿತು, "ಮಗಾ, ದನಿ ನುಂಗಿಬಿಡು. ಇಂಥವರ ಜೊತೆ ಹೋದದ್ದರ ಸುದ್ದಿ ಒಮ್ಮೆಯೂ ಬಂದಿಲ್ಲ."

"ಅಜ್ಜಿ, ನಿನಗೆ ಹೊಟ್ಟೆಕಿಚ್ಚು. ಕೋಳಿಗಳಿಗೆ ಬುದ್ಧಿ ಹೇಳು," ಎಂದಿತು ದುಂಡು ಮಡಕೆ. ಬಡಿದಾಗ ಅದು ಗಂಟೆಯಂತೆ ಮೊಳಗಿತು.

ಅವನು ಅದನ್ನು ಊರಾಚೆಯ ಬಯಲಿಗೆ ಒಯ್ದು, ಅದರಲ್ಲಿ ನೀರು ತುಂಬಿ ಹೆಗಲ ಮೇಲಿಟ್ಟುಕೊಂಡ. ಹಿಂದೆ ಜನ ತಲೆಬಾಗಿ ನಿಂತಿದ್ದರು. ಇಷ್ಟು ದೊಡ್ಡ ಮರ್ಯಾದೆ ಯಾವ ಮಡಕೆಗೂ ಸಿಕ್ಕಿರಲಾರದು ಎಂದುಕೊಂಡಿತು ಮಡಕೆ.

"ನಾವೂ ಹಾಗೇ ಅಂದುಕೊಂಡಿದ್ದೆವು," ಎಂದವು ನೆಲದ ತುಂಬ ಹರಡಿದ್ದ ಚೂರುಗಳು.

ಅವನು ಕಟ್ಟಿಗೆಯ ರಾಶಿಯನ್ನು ಸುತ್ತತೊಡಗಿದ. ಸುತ್ತಿಗೊಂದರಂತೆ ಯಾರೋ ಹಿಂದಿನಿಂದ ಕಲ್ಲಿನಲ್ಲಿ ಮಡಕೆಗೆ ತೂತು ಹೊಡೆದರು. ಕೊನೆಗೆ ಅವನು ಅದನ್ನು ಬೆನ್ನ ಹಿಂದಕ್ಕೆ ಬಿಟ್ಟು, ತಿರುಗಿ ನೋಡದೆ ನಡೆದ.

ಚಿತೆಯ ಬಳಿ ಒಡೆಯಲು ಬಿರುಕಿಲ್ಲದ ಮಡಕೆಯೇ ಬೇಕು.