ಬಂಡೆಯ ಮೇಲೆ ಹಾರಬೇಕಿದ್ದ ಮೀನು

ಒಂದು ಕಾಡಿನಲ್ಲಿ ಕಥೆಯ ಹುಚ್ಚು ಹತ್ತಿಸಿಕೊಂಡ ಮುಂಗುಸಿಯೊಬ್ಬನಿದ್ದ. ಹೆಸರು ಕೆಂಚ. ಹುಚ್ಚು ಅಂದರೆ ಅಂತಿಂಥ ಹುಚ್ಚಲ್ಲ. ಆಮೆ ಅಜ್ಜಿ ಹೇಳುತ್ತಿದ್ದ ಹಾರುವ ಮೀನಿನ ಕಥೆ ಅವನಿಗೆ ಅಕ್ಷರ ಬಿಡದೆ ಬಾಯಿಪಾಠವಾಗಿತ್ತು. ಮೋಡದಾಚೆಯ ರಾಕ್ಷಸ ಕಾಡಿನ ಬೆಳಕನ್ನೆಲ್ಲ ಕದ್ದೊಯ್ಯುತ್ತಾನೆ. ಪುಟ್ಟ ಇಲಿಯೊಂದು ರೆಕ್ಕೆಯ ಮೀನಿನ ಬೆನ್ನೇರಿ ಹೋಗಿ ರಾಕ್ಷಸನೊಡನೆ ದೊಡ್ಡ ಯುದ್ಧ ಮಾಡಿ ಆ ಬೆಳಕನ್ನು ಬಿಡಿಸಿಕೊಂಡು ಬರುತ್ತದೆ. ಅಜ್ಜಿ ಹೇಳಲು ಕೂತರೆ ಮಳೆಗಾಲ ಪೂರ್ತಿ ಹಿಡಿಯುತ್ತಿತ್ತು. ಯಾರಾದರೂ "ಇಲಿಯ ಬಾಲ ಉದ್ದ" ಅಂದರೆ ಸಾಕು, "ಉದ್ದವಲ್ಲ, ಮೋಟು!" ಎಂದು ಕೆಂಚ ಜಗಳಕ್ಕೇ ನಿಲ್ಲುತ್ತಿದ್ದ. ಆ ಮೀನು ಹಾರುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬುದೇ ಅವನ ಆಸೆ.

ಈಗ ಅಜ್ಜಿಗೆ ವಯಸ್ಸಾಗಿತ್ತು. ದನಿ ಏಳುತ್ತಿರಲಿಲ್ಲ. ಹೊಸ ಮರಿಗಳಿಗೆ ಆ ಕಥೆಯೇ ಗೊತ್ತಿರಲಿಲ್ಲ. ಅಜ್ಜಿಗೆ ಅದೊಂದೇ ಕೊರಗು.

ಆಗ ಜಾಂಬಣ್ಣ ಎಂಬ ಕರಡಿ ಮುಂದೆ ಬಂದ. ಎಲೆಗಳಲ್ಲಿ ಗೊಂಬೆ ಮಾಡಿ, ಸಂಜೆ ಬಿಸಿಲಿಗೆ ಹಿಡಿದು, ಬಿಳಿ ಬಂಡೆಯ ಮೇಲೆ ನೆರಳಿನಾಟ ಆಡಿಸುವುದರಲ್ಲಿ ಅವನು ಪಳಗಿದವನು.

"ಅಜ್ಜೀ, ನಿನ್ನ ಕಥೇನ ಬಂಡೆ ಮೇಲೆ ತರ್ತೀನಿ. ಆದ್ರೆ ಸೂರ್ಯ ಮುಳುಗೋದ್ರೊಳಗೆ ಮುಗೀಬೇಕು. ಸ್ವಲ್ಪ ಕತ್ತರಿ ಹಾಕ್ತೀನಿ."

"ಹಾಕಪ್ಪ. ಮರಿಗಳು ನಗಬೇಕು, ಅಷ್ಟೆ," ಅಂದಳು ಅಜ್ಜಿ.

ಪಕ್ಕದಲ್ಲೇ ಇದ್ದ ಕೆಂಚ ನಡುವೆ ಬಾಯಿ ಹಾಕಿದ. "ಕತ್ತರಿಯಾ? ಮೊಸಳೆ ಮದುವೆ ಇರುತ್ತೆ ತಾನೇ?"

"ಇಲ್ಲ."

"ಗೂಬೆಗಳ ಪಂಚಾಯ್ತಿ?"

"ಅದೂ ಇಲ್ಲ ಕಣೋ."

"ಮೀನಿಗೆ ನಾಲ್ಕು ರೆಕ್ಕೆ ಇರುತ್ತಲ್ಲ?"

"ಎರಡೇ. ನನಗಿರೋದೂ ಎರಡೇ ಕೈ."

"ಅಯ್ಯೋ, ಕಥೇನ ಕೊಂದೇಬಿಟ್ಟೆಯಲ್ಲಣ್ಣ!"

ಅಂದು ಕೆಂಚನಿಗೆ ಸಿಕ್ಕ ಹಾವೂ ರುಚಿಸಲಿಲ್ಲ. ಕೊನೆಗೊಂದು ಉಪಾಯ ಹೊಳೆಯಿತು. ಮಾರನೆಯ ದಿನ ಮುಖವನ್ನು ಸಾಧುವಿನ ಹಾಗೆ ಮಾಡಿಕೊಂಡು ಕರಡಿಯ ಬಳಿ ಹೋದ. "ಅಣ್ಣಾ, ಗೊಂಬೆ ನೀನು ಆಡಿಸು, ಮಾತು ನಾನು ಹೇಳ್ತೀನಿ. ನೀನು ಹೇಳಿಕೊಟ್ಟಷ್ಟೇ. ಒಂದು ಮಾತು ಹೆಚ್ಚಿಲ್ಲ." ಜಾಂಬಣ್ಣ ಪಾಪ, ನಂಬಿದ.

ಆಟದ ಸಂಜೆ ಕಾಡೆಲ್ಲ ನೆರೆಯಿತು. ಮುಂದಿನ ಸಾಲಿನಲ್ಲಿ ಮರಿಗಳು, ನಡುವೆ ಅಜ್ಜಿ. ಕೆಂಚ ಗಂಟಲು ಸರಿಮಾಡಿಕೊಂಡ. ಇಲಿಯ ಅಜ್ಜ ಯಾರು, ಮುತ್ತಜ್ಜ ಯಾರು, ಅವರ ಬಿಲಕ್ಕೆ ಬಾಗಿಲು ಯಾವ ದಿಕ್ಕಿಗೆ ಎಂದು ಶುರುಹಚ್ಚಿದ. ಜಾಂಬಣ್ಣ ಕಣ್ಣು ಕೆಕ್ಕರಿಸಿದ. ಕೆಂಚ ಆ ಕಡೆ ತಿರುಗಿಯೂ ನೋಡಲಿಲ್ಲ. ಮೊಸಳೆ ಮದುವೆಯಲ್ಲಿ ಏನೇನು ಬಡಿಸಿದರು ಎಂಬುದನ್ನೂ ಬಿಡಲಿಲ್ಲ. ಗೊಂಬೆ ಇಲಿ ಬಂಡೆಯ ಮೇಲೆ ಸುಮ್ಮನೆ ನಿಂತೇ ಇತ್ತು. ಮೊಲದ ಮರಿಗಳು ಆಕಳಿಸಿದವು. ಕಥೆ ಕಟ್ಟಿದ ಅಜ್ಜಿಯೇ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡು ಗೊರಕೆ ಹೊಡೆದಳು!

ರಾಕ್ಷಸ ಬೆಳಕು ಕದ್ದನೆಂದು ಕೂಡಿದ ಗೂಬೆಗಳ ಪಂಚಾಯ್ತಿ ಮುಗಿಯುವಷ್ಟರಲ್ಲಿ ಸೂರ್ಯ ಮುಳುಗಿದ. ಬಂಡೆ ಕಪ್ಪಾಯಿತು. ಇಲಿ ಇನ್ನೂ ಹೊಳೆಯ ದಂಡೆಗೇ ಬಂದಿರಲಿಲ್ಲ. ಕೆಂಚ ಅಷ್ಟು ಕಾಲ ಕಾದಿದ್ದ ಮೀನು ಹಾರಲೇ ಇಲ್ಲ.

"ಹಂಗಾದ್ರೆ ಬೆಳಕು ವಾಪಸ್ ಬರಲೇ ಇಲ್ವಾ?" ಎಂದು ಜಿಂಕೆಮರಿ ಅಳತೊಡಗಿತು. ಅದನ್ನು ನೋಡಿ ಉಳಿದವೂ ಅತ್ತವು. "ಕತ್ತಲಾಯ್ತು, ನಡೀರಿ ಮನೆಗೆ," ಎಂದು ತಾಯಂದಿರು ಅವಸರ ಮಾಡಿದರು.

ಗದ್ದಲಕ್ಕೆ ಅಜ್ಜಿ ಎಚ್ಚರಗೊಂಡಳು. "ಕೆಂಚಾ, ನನ್ನ ಕಥೆ ಕೇಳಿ ಯಾವ ಮರೀನೂ ಅತ್ಕೊಂಡು ಮನೆಗೆ ಹೋಗಿಲ್ಲ. ಬೇಗ ಹೇಳಿ ಮುಗಿಸು."

ಕೆಂಚನಿಗೆ ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಓಡಿಹೋಗಿ ಮರಿಗಳ ಮುಂದೆ ಕೂತ.

"ಅಳಬೇಡ್ರೋ, ಕೇಳಿ. ಇಲಿ ಹೊಳೆಗೆ ಬಂತು. ಮೀನೂ ಬಂತು. ರೆಕ್ಕೆ ಬಿಚ್ಚಿ ಪಟಪಟ ಅಂತ ಹಾರ್ತು. ರಾಕ್ಷಸ ನಿದ್ದೆ ಹೊಡೀತಿದ್ದ. ಇಲಿ ಬೆಳಕಿನ ಗಂಟು ಕಚ್ಕೊಂಡು ಬಂದೇಬಿಡ್ತು. ಅದಕ್ಕೇ ನೋಡಿ, ನಾಳೆ ಬೆಳಗಾಗುತ್ತೆ!"

ಮರಿಗಳು ಕೇಕೆ ಹಾಕಿದವು. ಅಜ್ಜಿಯ ಕಣ್ಣು ಸಂತೋಷದಿಂದ ತುಂಬಿತು.

ಜಾಂಬಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಅಲ್ಲೋ ಕೆಂಚ, ರಾಕ್ಷಸನ ಜೊತೆ ಅಷ್ಟು ದೊಡ್ಡ ಯುದ್ಧ ಇತ್ತಲ್ಲೋ! ಪೂರ್ತಿ ನುಂಗಿಬಿಟ್ಟೆಯಾ?"

"ಮರಿಗಳು ಅಳ್ತಾ ಕೂತಿರುವಾಗ ಎಲ್ಲಾನೂ ಹೇಳೋಕಾಗುತ್ತೇನಣ್ಣ?" ಅಂದುಬಿಟ್ಟ ಕೆಂಚ. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಕಾಡಿಗೆ ಕಾಡೇ ಬಿದ್ದು ಬಿದ್ದು ನಕ್ಕಿತು.

ನೀತಿ: ಮೆಚ್ಚಿದ ಕಥೆಯಲ್ಲಿ ಒಂದಕ್ಷರವನ್ನೂ ಬಿಡಲಾರೆ ಎಂದು ಹಟ ಹಿಡಿದವನು ಕಥೆಯನ್ನೇ ಕಳೆದುಕೊಳ್ಳುತ್ತಾನೆ.